ಕುದುರೆಗೆ ಸೂಜಿಮದ್ದು



ಈ ಸಂಜೆಯ ಭಾಷಣದ ಹೆಸರನ್ನು ಕೇಳಿ ನಿಮ್ಮಲ್ಲಿ ಹಲವರು ಮುಗುಳ್ನಕ್ಕಿರಬಹುದು. ಮನೆಯ ಮುಂದೆ ಕುದುರೆಯನ್ನು ಕಟ್ಟುವ ಕಾಲ ಕಳೆದುಹೋಯಿತು. ಪಟ್ಟಣದಲ್ಲಿ ವಾಸಮಾಡುವ ಗೃಹಸ್ಥರೂ ಗೃಹಿಣಿಯರೂ ಕುದುರೆಗೆ ಸೂಜಿ ಚುಚ್ಚುವ ಕ್ರಮವನ್ನು ತಿಳಿದು ಮಾಡತಕ್ಕದ್ದೇನು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ನಾನು ಪಶುವೈದ್ಯನೂ ಅಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಹೇಳುವ ಉಪಾಧ್ಯಾಯ. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ಒಂದು, ನಮ್ಮೆಲ್ಲರಿಗೂ ಸೇರಿದ ಒಂದು ಋಣ. ಇನ್ನೊಂದು, ನನ್ನೊಬ್ಬನಿಗೆ ಸೇರಿದ ಋಣ. ಮೊದಲನೆಯದನ್ನು ಮೊದಲು ಹೇಳುತ್ತೇನೆ.

ನಮ್ಮ ದೇಶದಲ್ಲಿ ಹಾವು ಕಚ್ಚಿದವನಿಗೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವು ಇಂದಿಗೂ ಕುದುರೆಯ ರಕ್ತದಿಂದ ತಯಾರಾಗತಕ್ಕದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಅತ್ಯಲ್ಪ ಪ್ರಮಾಣದಿಂದ ಮೊದಲುಮಾಡಿ, ದಿನಕಳೆದಂತೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಕುದುರೆಯ ಮೈಗೆ ಸೂಜಿಯ ಮೂಲಕ ಸೇರಿಸುತ್ತಾರೆ. ಅದರ ದೇಹವು ಆ ವಿಷವನ್ನು ಎದುರಿಸುವ ಶಕ್ತಿಯನ್ನು ರಕ್ತದಲ್ಲಿ ಬೆಳೆಸಿಕೊಳ್ಳುತ್ತದೆ. ಆ ಶಕ್ತಿಯುಳ್ಳ ರಕ್ತದ ಅಂಶವನ್ನು ಶೋಧಿಸಿ ತೆಗೆದುದೇ ಗದ್ದೆಯಲ್ಲಿ ಹಾವು ತುಳಿದ ರೈತನ ಪ್ರಾಣವನ್ನು ಕಾಪಾಡುವ ಮದ್ದು. ಈ ವಿದ್ಯೆಯ ಮೂಲವು ೧೮೯೦ರಲ್ಲಿದೆ. ಆ ವರ್ಷ ಬರ್ಲಿನ್ ನಗರದಲ್ಲಿ ಬೇರಿಂಗ್ ಎಂಬ ಜರ್ಮನ್ ವೈದ್ಯನೂ ಕಿಟಸಾಟೊ ಎಂಬ ಜಪಾನೀ ವಿದ್ವಾಂಸನೂ ಧನುರ್ವಾಯು, ಗಂಟಲುಮಾರಿ ಈ ರೋಗಗಳ ವಿಷವನ್ನು ತಡೆಯುವ ಗುಣ ಪ್ರಾಣಿಯ ರಕ್ತದಲ್ಲಿ ಹುಟ್ಟುವುದೆಂದು ತೋರಿಸಿಕೊಟ್ಟರು. ೧೮೯೪ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ರೂ ಎಂಬ ಪಂಡಿತನು ಕುದುರೆಯ ರಕ್ತದಿಂದ ತೆಗೆದ ಮದ್ದನ್ನು ಗಂಟಲುಮಾರಿಯಿಂದ ನರಳುವ ಮಕ್ಕಳಿಗೆ ಕೊಟ್ಟು ಪಡೆದ ಫಲವನ್ನು ಪ್ರಕಟಪಡಿಸಿದನು. ಅಂದಿನಿಂದ ಎಷ್ಟು ಮಕ್ಕಳ ಉಸಿರನ್ನು ಕುದುರೆ ಉಳಿಸಿತೆಂಬುದಕ್ಕೆ ಲೆಕ್ಕವಿಲ್ಲ.

ಸೂಜಿಯ ವಿಷಯದಲ್ಲಿ ಅಜಾಗರೂಕತೆ ಬಂದರೆ ಏನಾಗುತ್ತದೆಂಬುದಕ್ಕೂ ಒಂದು ಕುದುರೆಯ ಕಥೆಯೇ ಸಾಕ್ಷಿ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ, ಹಿಂದೆ ಹಾಲಿನ ಗಾಡಿಯನ್ನು ಎಳೆಯುತ್ತಿದ್ದ ಜಿಮ್ ಎಂಬ ಕುದುರೆಯಿಂದ ಗಂಟಲುಮಾರಿಯ ಮದ್ದನ್ನು ತೆಗೆಯುತ್ತಿದ್ದರು. ೧೯೦೧ರಲ್ಲಿ ಆ ಕುದುರೆಗೆ ಧನುರ್ವಾಯು ತಗಲಿತು. ಅದನ್ನು ಕೊಲ್ಲಬೇಕಾಗಿ ಬಂದಿತು. ಆದರೆ ರೋಗ ಒಳಗೇ ಸೇರಿದ್ದ ದಿನಗಳಲ್ಲಿ ತೆಗೆದಿಟ್ಟಿದ್ದ ಮದ್ದು ಪರೀಕ್ಷೆಯಿಲ್ಲದೆ ಹೊರಗೆ ಹೋಗಿ, ಅದನ್ನು ಚುಚ್ಚಿಸಿಕೊಂಡ ೧೩ ಮಕ್ಕಳು ಧನುರ್ವಾಯುವಿನಿಂದ ಸತ್ತರು. ಮರುವರ್ಷ, ೧೯೦೨ರಲ್ಲಿ, ಇಂಥ ಮದ್ದುಗಳ ತಯಾರಿಕೆಯನ್ನು ಹತೋಟಿಯಲ್ಲಿಡುವ ಕಾನೂನು ಆ ದೇಶದಲ್ಲಿ ಹುಟ್ಟಿತು. ಪಿಚಕಾರಿಯ ಒಂದು ತುದಿಯಲ್ಲಿ ನಡೆದ ಅಜಾಗರೂಕತೆ ಇನ್ನೊಂದು ತುದಿಯಲ್ಲಿ ಪ್ರಾಣವನ್ನು ತೆಗೆಯುತ್ತದೆ ಎಂಬುದು ಅಂದು ಲೋಕಕ್ಕೆ ತಿಳಿಯಿತು.

ಇನ್ನು ನನ್ನ ಸ್ವಂತ ಋಣದ ಮಾತು.

ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ ಜಟಕಾ ಹೊಡೆಯುವ ಸಾಬರೊಬ್ಬರಿದ್ದರು. ಬೀದಿಯ ಮಕ್ಕಳಿಗೆಲ್ಲ ಅವರ ಕುದುರೆ ಮೋತಿಯೆಂದರೆ ಪ್ರಾಣ. ಸ್ಕೂಲಿನಿಂದ ಬರುವಾಗ ಒಂದು ಚೂರು ಬೆಲ್ಲವನ್ನಾದರೂ ಅದರ ಬಾಯಿಗಿಟ್ಟು ಬರದಿದ್ದರೆ ನಮಗೆ ಊಟ ಸೇರುತ್ತಿರಲಿಲ್ಲ. ಒಂದು ಭಾನುವಾರ ಮೋತಿಗೆ ಜ್ವರ. ದವಡೆಯ ಕೆಳಗೆ ನಿಂಬೆಹಣ್ಣಿನ ಗಾತ್ರದ ಬಾವು. ಹುರುಳಿಯನ್ನು ಮೂಸಿಯೂ ನೋಡಲಿಲ್ಲ. ದನದ ಆಸ್ಪತ್ರೆಗೆ ಅಂದು ರಜ. ಸಾಬರು ತಲೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. ಎರಡು ಬೀದಿಗಳಾಚೆ ಮನುಷ್ಯರಿಗೆ ಸೂಜಿ ಹಾಕುತ್ತಿದ್ದ ಕಂಪೌಂಡರೊಬ್ಬರು ಇದ್ದರು. ನಾನು ಓಡಿಹೋಗಿ ಅವರನ್ನು ಕರೆತಂದೆ. ದೊಡ್ಡ ಉಪಕಾರ ಮಾಡಿದೆನೆಂದು ನನಗೆ ಹೆಮ್ಮೆ.

ಅವರು ಹಾಲಿನಂತೆ ಬೆಳ್ಳಗಿದ್ದ ಮದ್ದನ್ನು ಪಿಚಕಾರಿಗೆ ತುಂಬಿ, ಕೊರಳಿನ ಕೆಳಭಾಗದಲ್ಲಿ ಕೈಗೆ ಸಿಕ್ಕ ಕಡೆ ಚುಚ್ಚಿದರು. ಮದ್ದು ಅರ್ಧ ಇಳಿದಿತ್ತೋ ಇಲ್ಲವೋ, ಮೋತಿಯ ಕಣ್ಣು ಅಗಲವಾಯಿತು. ಅದು ಒಮ್ಮೆ ಬುಸುಗುಟ್ಟಿ, ಹಿಂಗಾಲಿನ ಮೇಲೆ ನಿಂತು, ಹಗ್ಗವನ್ನು ಹರಿದುಕೊಂಡು ಕುರುಡುಬಿದ್ದಂತೆ ಗೋಡೆಗೆ ಡಿಕ್ಕಿ ಹೊಡೆಯುತ್ತ ಓಡಿತು. ಹಗ್ಗ ಹಿಡಿದಿದ್ದ ಸಾಬರು ಕೆಳಗೆ ಬಿದ್ದರು. ಅವರ ಮುಂಗೈ ಮೂಳೆ ಮುರಿಯಿತು. ಕಾಲು ಗಂಟೆಯೊಳಗೆ ಕುದುರೆ ತಾನಾಗಿಯೇ ಶಾಂತವಾಯಿತು. ಮೈಯೆಲ್ಲ ಬೆವರಿ, ನಡುಗುತ್ತ ಮೂಲೆಯಲ್ಲಿ ನಿಂತಿತು. ಸಾಬರ ಕೈ ಕೂಡಿಕೊಳ್ಳುವುದಕ್ಕೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳೂ ಆ ಮನೆಯಲ್ಲಿ ಸಂಪಾದನೆಯಿಲ್ಲ.

ಕಥೆ ಅಷ್ಟಕ್ಕೇ ಮುಗಿದಿದ್ದರೆ ನಾನು ಇಂದು ಇಲ್ಲಿ ಮಾತನಾಡುತ್ತಿರಲಿಲ್ಲ. ಅಂದಿನಿಂದ ಮೋತಿಯು ಕೈಯಲ್ಲಿ ಏನನ್ನಾದರೂ ಹಿಡಿದುಕೊಂಡು ಕೊರಳಿನ ಹತ್ತಿರ ಬರುವವರನ್ನು ಕಂಡರೆ ಕಿವಿಯನ್ನು ಹಿಂದಕ್ಕೆ ಮಡಚಿ ಕಾಲೆತ್ತುತ್ತಿತ್ತು. ಮರುವರ್ಷದ ಮಳೆಗಾಲದಲ್ಲಿ ಅದರ ಗೊರಸಿನ ಅಡಿಗೆ ಮೊಳೆ ಹೊಕ್ಕಿತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಾಬರೇ ಎಂದು ನಾನು ಹೇಳಿದೆ. "ಬೇಡ ಮರಿ, ಸೂಜಿ ಅಂದರೆ ಅದಕ್ಕೂ ಭಯ, ನನಗೂ ಭಯ" ಎಂದರು. ಮೊಳೆಯನ್ನು ಕಿತ್ತು ಅರಿಶಿನ ಎಣ್ಣೆ ಹಚ್ಚಿದರು. ಹನ್ನೆರಡು ದಿನಗಳಾದ ಮೇಲೆ ಮೋತಿಯ ದವಡೆ ಬಿಗಿಯಿತು. ಬಾಲ ಕೋಲಿನಂತೆ ನಿಂತಿತು. ಕಣ್ಣಿನ ಒಳಮೂಲೆಯಿಂದ ಬಿಳಿಯ ಪೊರೆಯೊಂದು ಕಣ್ಣಿನ ಮೇಲಕ್ಕೆ ಸರಿದು ಬಂದಿತು. ನಾಲ್ಕನೆಯ ದಿನ ಅದು ಸತ್ತುಹೋಯಿತು. ಅದಕ್ಕೆ ಬಂದದ್ದು ಧನುರ್ವಾಯು. ಯಾವ ರೋಗಕ್ಕೆ ಕುದುರೆಯೇ ತನ್ನ ರಕ್ತದಿಂದ ಲೋಕಕ್ಕೆ ಮದ್ದನ್ನು ಕೊಟ್ಟಿತೋ ಆ ರೋಗದಿಂದಲೇ, ಒಂದು ಸೂಜಿಯ ಭಯದ ದೆಸೆಯಿಂದ, ಆ ಕುದುರೆ ಸತ್ತಿತು. ಮೊದಲನೆಯ ಸೂಜಿಗೆ ಕಂಪೌಂಡರನ್ನು ಕರೆತಂದವನು ನಾನು.

ಅಂದು ನಡೆದದ್ದೇನೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಪಶುವೈದ್ಯರಾದ ಸ್ನೇಹಿತರೊಬ್ಬರ ಬಾಯಿಂದ. ಆ ಬಿಳಿಯ ಮದ್ದು ಪ್ರೊಕೇನ್ ಪೆನಿಸಿಲಿನ್ ಆಗಿದ್ದಿರಬೇಕು. ಇದರಲ್ಲಿ ಪೆನಿಸಿಲಿನ್ ನಿಧಾನವಾಗಿ ಮೈಗೆ ಸೇರಲೆಂದು ಪ್ರೊಕೇನ್ ಎಂಬ ದ್ರವ್ಯವನ್ನು ಕೂಡಿಸಿರುತ್ತಾರೆ. ಅದು ಮಾಂಸಖಂಡಕ್ಕೆ ಮಾತ್ರ ಕೊಡತಕ್ಕ ಮದ್ದು. ಸೂಜಿಯ ಮೊನೆ ಅಕಸ್ಮಾತ್ತಾಗಿ ರಕ್ತನಾಳದಲ್ಲಿದ್ದರೆ ಪ್ರೊಕೇನ್ ಕೆಲವು ಕ್ಷಣಗಳಲ್ಲಿಯೇ ಮೆದುಳನ್ನು ಮುಟ್ಟಿ ಕುದುರೆಗೆ ಹುಚ್ಚುಹಿಡಿದಂತೆ ಮಾಡುತ್ತದೆ. ನಾಲ್ಕು ನೂರರಿಂದ ಐದು ನೂರು ಕಿಲೋಗ್ರಾಂ ತೂಗುವ ಪ್ರಾಣಿ ದಿಕ್ಕುತೋರದೆ ಓಡಿದರೆ ಅದಕ್ಕೆ ಆಗುವಷ್ಟೇ ಅಪಾಯ ಹತ್ತಿರ ನಿಂತ ಮನುಷ್ಯನಿಗೂ ಆಗುತ್ತದೆ. ಇದನ್ನು ತಡೆಯುವುದಕ್ಕೆ ಬೇಕಾಗಿದ್ದದ್ದು ದೊಡ್ಡ ವಿದ್ಯೆಯೇನೂ ಅಲ್ಲ. ಸರಿಯಾದ ಸ್ಥಳ, ಮತ್ತು ಕೊಳವೆಯ ದಂಡವನ್ನು ಒಮ್ಮೆ ಹಿಂದಕ್ಕೆಳೆದು ನೋಡುವ ಒಂದು ಕ್ಷಣದ ತಾಳ್ಮೆ. ಅಷ್ಟೆ.

ಈಗ ಕ್ರಮವನ್ನು ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ಎಚ್ಚರಿಕೆ. ೧೯೮೪ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾನೂನಿನ ಪ್ರಕಾರ ಪ್ರಾಣಿಗಳಿಗೆ ಚಿಕಿತ್ಸೆ ಮಾಡುವ ಅಧಿಕಾರ ನೋಂದಾಯಿತರಾದ ಪಶುವೈದ್ಯರದು. ಯಾವ ಮದ್ದು, ಎಷ್ಟು, ಯಾವ ಮಾರ್ಗದಿಂದ ಎಂಬುದನ್ನು ಗೊತ್ತುಮಾಡುವವರು ಅವರೇ. ಆದರೆ ಲಾಯಗಳಲ್ಲಿಯೂ ಸವಾರಿಯ ಶಾಲೆಗಳಲ್ಲಿಯೂ, ದಿನಕ್ಕೆರಡು ಸಲದಂತೆ ವಾರದವರೆಗೆ ಕೊಡಬೇಕಾದ ಮದ್ದನ್ನು ಕುದುರೆಯನ್ನು ನೋಡಿಕೊಳ್ಳುವವರೇ ಮುಂದುವರಿಸುವ ಪ್ರಸಂಗ ಬರುತ್ತದೆ. ಅಂಥವರು ವೈದ್ಯರ ಮುಂದೆ ನಿಂತು, ಅವರ ಕೈಯನ್ನು ನೋಡಿ ಕಲಿಯಬೇಕು. ಕೇವಲ ನನ್ನ ಮಾತನ್ನು ಕೇಳಿ ಯಾರೂ ಸೂಜಿಯನ್ನು ಹಿಡಿಯಬಾರದು. ಕುದುರೆಯ ಹಗ್ಗವನ್ನು ಹಿಡಿಯುವವನಿಗೂ, ಪಕ್ಕದಲ್ಲಿ ನಿಂತು ನೋಡುವ ಯಜಮಾನನಿಗೂ ತಪ್ಪಾವುದು ಒಪ್ಪಾವುದು ಎಂದು ತಿಳಿದಿರಲಿ ಎಂಬುದಷ್ಟೇ ನನ್ನ ಉದ್ದೇಶ.

ಮೊದಲನೆಯದು ಮದ್ದು. ಸೀಸೆಯ ಮೇಲಿನ ಚೀಟಿಯನ್ನು ಪ್ರತಿಸಲವೂ ಓದಬೇಕು. ನಿನ್ನೆ ಓದಿದ್ದೇನಲ್ಲ ಎನ್ನಬಾರದು. ಅವಧಿ ಮೀರಿದೆಯೇ, ತಣ್ಣಗೆ ಇಡಬೇಕಾದದ್ದನ್ನು ಹಾಗೆ ಇಟ್ಟಿದ್ದಾರೆಯೇ ಎಂದು ನೋಡಬೇಕು. ರೋಗನಿರೋಧಕ ಲಸಿಕೆಗಳನ್ನು ಸಾಮಾನ್ಯವಾಗಿ ೨ರಿಂದ ೮ ಡಿಗ್ರಿ ಸೆಂಟಿಗ್ರೇಡಿನ ಶೈತ್ಯದಲ್ಲಿಡಬೇಕು, ಹೆಪ್ಪುಗಟ್ಟಲು ಬಿಡಕೂಡದು. ಎಲ್ಲಕ್ಕಿಂತ ಮುಖ್ಯವಾದದ್ದು ಮಾರ್ಗ. ಬಿಳಿಯ ಪೆನಿಸಿಲಿನ್ ರಕ್ತನಾಳಕ್ಕೆ ಹೋದರೆ ಅಪಾಯವೆಂದು ಹೇಳಿದೆನಷ್ಟೆ. ನೋವಿಗೆ ಕೊಡುವ ಫೀನೈಲ್‌ಬ್ಯೂಟಜೋನ್ ಎಂಬ ಮದ್ದಿನ ಸ್ಥಿತಿ ಇದಕ್ಕೆ ವಿಪರೀತ. ಸೂಜಿಯಿಂದ ಕೊಡುವುದಾದರೆ ಅದು ರಕ್ತನಾಳದೊಳಕ್ಕೇ ಹೋಗಬೇಕು. ಮಾಂಸಕ್ಕೆ ಬಿದ್ದರೆ, ನಾಳದ ಹೊರಗೆ ಸೋರಿದರೂ, ಅಲ್ಲಿಯ ಮಾಂಸ ಕೊಳೆತು ಉದುರುತ್ತದೆ. ಒಂದರ ಅಮೃತ ಇನ್ನೊಂದರ ಹಾದಿಯಲ್ಲಿ ವಿಷ.

ಎರಡನೆಯದು ಸೂಜಿ. ಒಂದು ಕುದುರೆಗೆ, ಒಂದು ಸಲಕ್ಕೆ, ಒಂದು ಹೊಸ ಸೂಜಿ, ಒಂದು ಹೊಸ ಪಿಚಕಾರಿ. ಗಾಜಿನ ಪಿಚಕಾರಿಯನ್ನು ಕುದಿಸಿ ಕುದಿಸಿ ಬಳಸುತ್ತಿದ್ದ ಕಾಲ ಹೋಗಿದೆ. ಅಗ್ಗವಾದ ಸೂಜಿಯನ್ನು ಉಳಿಸುವುದಕ್ಕೆ ಹೋಗಿ ಲಾಯವನ್ನೇ ಕಳೆದುಕೊಳ್ಳಬಾರದು. ೧೮೮೦ರಲ್ಲಿ ಗ್ರಿಫಿತ್ ಎವಾನ್ಸ್ ಎಂಬ ಪಶುವೈದ್ಯನು ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನಿನಲ್ಲಿ ಕುದುರೆ ಒಂಟೆಗಳನ್ನು ಕೊಲ್ಲುತ್ತಿದ್ದ ಸರ್ರಾ ಎಂಬ ರೋಗವನ್ನು ಪರೀಕ್ಷಿಸಿ, ಅವುಗಳ ರಕ್ತದಲ್ಲಿ ಈಜಾಡುವ ಸೂಕ್ಷ್ಮಜೀವಿಯೇ ಅದಕ್ಕೆ ಕಾರಣವೆಂದು ಕಂಡುಹಿಡಿದನು. ಆ ರೋಗವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವುದು ಕಚ್ಚುವ ನೊಣ. ಅದರ ಬಾಯಿಯ ಮೊನೆಗೆ ಅಂಟಿದ ರಕ್ತವೇ ಸಾಕು. ಹಾಗಾದರೆ ಒಂದು ಕುದುರೆಯ ರಕ್ತ ತಾಗಿದ ಸೂಜಿಯನ್ನು ಇನ್ನೊಂದಕ್ಕೆ ಚುಚ್ಚುವ ಮನುಷ್ಯನಿಗೂ ಆ ನೊಣಕ್ಕೂ ಏನು ವ್ಯತ್ಯಾಸ? ಬಳಸಿದ ಸೂಜಿಯನ್ನು ಮತ್ತೆ ಸೀಸೆಗೆ ಚುಚ್ಚುವುದೂ ಅಷ್ಟೇ ತಪ್ಪು. ಸೀಸೆಯಲ್ಲಿ ಉಳಿದದ್ದೆಲ್ಲ ಕೆಡುತ್ತದೆ. ಮಾಂಸಖಂಡಕ್ಕೆ ಕೊಡುವ ಸೂಜಿ ಸಾಮಾನ್ಯವಾಗಿ ೧೮ರಿಂದ ೨೦ನೆಯ ನಂಬರಿನ, ಒಂದೂವರೆ ಅಂಗುಲ ಉದ್ದದ್ದು. ಈ ಲೆಕ್ಕದಲ್ಲಿ ನಂಬರು ದೊಡ್ಡದಾದಷ್ಟೂ ಸೂಜಿ ಸಣ್ಣದೆಂಬುದನ್ನು ನೆನಪಿಡಬೇಕು.

ಮೂರನೆಯದು ಕುದುರೆಯನ್ನು ಹಿಡಿಯುವ ಬಗೆ. ಕುದುರೆ ಮೂಲತಃ ಬಯಲಿನ ಪ್ರಾಣಿ. ಶತ್ರುವನ್ನು ಎದುರಿಸುವುದಕ್ಕಿಂತ ಮೊದಲು ಓಡುವುದು ಅದರ ಸ್ವಭಾವ. ಓಡಲು ದಾರಿ ಸಿಕ್ಕದಿದ್ದಾಗ ಒದೆಯುವುದು ಅದರ ಎರಡನೆಯ ಉಪಾಯ. ಮೈಮೇಲೆ ಒಂದು ನೊಣ ಕುಳಿತರೂ ಆ ಜಾಗದ ಚರ್ಮವನ್ನು ಅದುರಿಸಬಲ್ಲಷ್ಟು ಸೂಕ್ಷ್ಮವಾದ ಸ್ಪರ್ಶಜ್ಞಾನ ಅದಕ್ಕಿದೆ. ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ಸುತ್ತಲ ಪ್ರಪಂಚವೆಲ್ಲ ಕಾಣುತ್ತದೆ. ಹಣೆಯ ನೇರ ಎದುರಿನ ಸ್ವಲ್ಪ ಜಾಗವೂ ಬಾಲದ ನೇರ ಹಿಂದಿನ ಜಾಗವೂ ಮಾತ್ರ ಕಾಣುವುದಿಲ್ಲ. ಆದ್ದರಿಂದ ಆ ಎರಡು ಕಡೆಗಳಲ್ಲಿಯೂ ಯಾರೂ ನಿಲ್ಲಬಾರದು. ಕಂಬಕ್ಕೆ ಬಿಗಿಯಾಗಿ ಕಟ್ಟಿ ಸೂಜಿ ಹಾಕುವುದು ಹಲವರ ಅಭ್ಯಾಸ. ಇದು ಸರಿಯಲ್ಲ. ಬೆದರಿದ ಕುದುರೆ ಹಿಂದಕ್ಕೆ ಜಗ್ಗಿ, ಹಗ್ಗ ಹರಿಯದಿದ್ದರೆ ತನ್ನ ಕೊರಳನ್ನೇ ನೋಯಿಸಿಕೊಳ್ಳುತ್ತದೆ. ತಿಳಿದವನೊಬ್ಬನು ಹಗ್ಗವನ್ನು ಕೈಯಲ್ಲಿ ಹಿಡಿದು ನಿಲ್ಲುವುದು ಮೇಲು. ಆದರೆ ಅದನ್ನು ಕೈಗೆ ಸುತ್ತಿಕೊಳ್ಳಕೂಡದು. ಸಾಬರು ಅಂದು ಸುತ್ತಿಕೊಂಡಿದ್ದರು. ಹಗ್ಗ ಹಿಡಿದವನೂ ಸೂಜಿ ಹಾಕುವವನೂ ಕುದುರೆಯ ಒಂದೇ ಪಕ್ಕದಲ್ಲಿರಬೇಕು. ಕುದುರೆ ಜಿಗಿದಾಗ ಹಿಡಿದವನು ಅದರ ತಲೆಯನ್ನು ತನ್ನ ಕಡೆಗೆ ಎಳೆದರೆ ಹಿಂಗಾಲುಗಳು ಇಬ್ಬರಿಂದಲೂ ದೂರಕ್ಕೆ ತಿರುಗುತ್ತವೆ. ಆಚೆ ಪಕ್ಕದಲ್ಲಿ ನಿಂತರೆ ಒಬ್ಬನನ್ನು ಕಾಪಾಡಲು ಹೋಗಿ ಇನ್ನೊಬ್ಬನ ಮೇಲೆ ಕುದುರೆಯನ್ನು ನೂಕಿದಂತಾಗುತ್ತದೆ.

ನಾಲ್ಕನೆಯದು ಸ್ಥಳ. ಇದೇ ಈ ವಿದ್ಯೆಯ ಹೃದಯ. ಕುದುರೆಯ ಕೊರಳಿನ ಮೂಳೆಗಳು ಅಯಾಲಿನ ಕೆಳಗೆ, ಬೆನ್ನಿನ ಗೆರೆಯಲ್ಲಿಯೇ ಇವೆಯೆಂದು ಅನೇಕರ ಊಹೆ. ಹಾಗಲ್ಲ. ಅಯಾಲಿನ ಕೆಳಗಿರುವುದು ತಲೆಯನ್ನು ಎತ್ತಿಹಿಡಿಯುವ ಹುರಿಹಗ್ಗದಂಥ ದಪ್ಪನಾದ ನಾರು. ಮೂಳೆಗಳ ಸಾಲು ಹೆಗಲಿನ ಕಡೆಗೆ ಬರುತ್ತ ಬರುತ್ತ ಬಹಳ ಕೆಳಕ್ಕೆ ಬಾಗಿರುತ್ತದೆ. ಮೇಲೆ ಆ ನಾರು, ಕೆಳಗೆ ಮೂಳೆಗಳ ಸಾಲು, ಹಿಂದೆ ಹೆಗಲಿನ ಹಲಗೆಮೂಳೆಯ ಅಂಚು, ಈ ಮೂರರ ನಡುವೆ ಒಂದು ತ್ರಿಕೋಣ. ನಿಮ್ಮ ಅಂಗೈಯ ಬುಡವನ್ನು ಹೆಗಲಿನ ಮೂಳೆಯ ಮುಂದಿನ ಅಂಚಿಗೆ, ಕೊರಳಿನ ಎತ್ತರದ ಮಧ್ಯಭಾಗದಲ್ಲಿ ಒತ್ತಿದರೆ ಅಂಗೈ ಮುಚ್ಚುವ ಜಾಗವೇ ಹೆಚ್ಚುಕಡಮೆ ಆ ತ್ರಿಕೋಣ. ಸೂಜಿ ಅಲ್ಲಿರಬೇಕು. ಮೇಲಕ್ಕೆ ಹೋದರೆ ನಾರಿಗೆ ಬಿದ್ದು ಮದ್ದು ಹರಡುವುದಿಲ್ಲ. ಕೆಳಕ್ಕೆ ಹೋದರೆ ಮೂಳೆ. ಅದರಿಂದಲೂ ಕೆಳಕ್ಕೆ ಹೋದರೆ ದೊಡ್ಡ ರಕ್ತನಾಳಗಳು. ನಮ್ಮ ಕಂಪೌಂಡರು ಚುಚ್ಚಿದ್ದು ಈ ಮೂರನೆಯ ಜಾಗದಲ್ಲಿ.

ಕೊರಳಿನ ಬದಲು ಮುಂಗಾಲುಗಳ ನಡುವೆ ಉಬ್ಬಿರುವ ಎದೆಯ ಮಾಂಸಖಂಡಕ್ಕೂ, ಹಿಂದೊಡೆಯ ಹಿಂಭಾಗದ ಖಂಡಕ್ಕೂ ಕೊಡಬಹುದು. ಎದೆಯಲ್ಲಿ ಒಂದು ಅನುಕೂಲವುಂಟು. ಅಕಸ್ಮಾತ್ ಕೀವು ಕಟ್ಟಿದರೂ ಅದು ಕೆಳಮುಖವಾಗಿ ಸುಲಭವಾಗಿ ಹರಿದುಹೋಗುತ್ತದೆ. ತೊಡೆಗೆ ಕೊಡುವವನು ಒದೆತಕ್ಕೆ ಸಿಕ್ಕದಂತೆ ಕುದುರೆಯ ಮೈಗೆ ಒತ್ತಿಕೊಂಡು ಪಕ್ಕದಲ್ಲಿ ನಿಲ್ಲಬೇಕು. ಸೊಂಟದ ಮೇಲ್ಭಾಗದ ದಪ್ಪ ಮಾಂಸ ನೋಡುವುದಕ್ಕೆ ಪ್ರಶಸ್ತವೆಂದು ತೋರಿದರೂ ಅದನ್ನು ಬಿಡುವುದು ಒಳ್ಳೆಯದು. ಅಲ್ಲಿ ಕೀವಾದರೆ ಹೊರಗೆ ಬರಲು ದಾರಿಯಿಲ್ಲದೆ ಒಳಗೊಳಗೇ ಇಳಿಯುತ್ತದೆ. ಇನ್ನು ಕೊರಳಿನ ಪಕ್ಕದ ಕಾಲುವೆಯಂಥ ತಗ್ಗಿನಲ್ಲಿರುವ ರಕ್ತನಾಳಕ್ಕೆ ಮದ್ದನ್ನು ಕೊಡುವುದು ಕೇವಲ ವೈದ್ಯರ ಕೆಲಸ. ಏಕೆಂದರೆ ಆ ಸಿರೆಯ ಹಿಂದೆಯೇ ಮೆದುಳಿಗೆ ರಕ್ತವನ್ನು ಒಯ್ಯುವ ಧಮನಿಯಿದೆ. ಮದ್ದು ತಪ್ಪಿ ಅದಕ್ಕೆ ಹೋದರೆ ಕುದುರೆ ನಿಂತಲ್ಲಿಯೇ ಅಪಸ್ಮಾರ ಬಡಿದಂತೆ ಉರುಳುತ್ತದೆ. ಕೊರಳಿನ ಮೇಲರ್ಧದಲ್ಲಿ ಸಿರೆಗೂ ಧಮನಿಗೂ ನಡುವೆ ಮಾಂಸದ ಪಟ್ಟಿಯೊಂದು ಅಡ್ಡವಾಗಿರುವುದರಿಂದ ವೈದ್ಯರು ಆ ಭಾಗವನ್ನೇ ಆರಿಸಿಕೊಳ್ಳುತ್ತಾರೆ.

ಐದನೆಯದು ಚುಚ್ಚುವ ಕ್ರಮ. ಜಾಗ ಶುಚಿಯಾಗಿರಬೇಕು, ಕೆಸರು ಸಗಣಿಗಳು ಮೆತ್ತಿದ್ದರೆ ಮೊದಲು ಅದನ್ನು ತೆಗೆಯಬೇಕು. ಒದ್ದೆಯಾದ ಚರ್ಮಕ್ಕಿಂತ ಒಣಗಿದ ಚರ್ಮ ವಾಸಿ. ಎಡಗೈಯಿಂದ ಹತ್ತಿರದ ಚರ್ಮವನ್ನು ಮೆಲ್ಲನೆ ಮಡಿಕೆಯಾಗಿ ಹಿಡಿದು ಕೆಲವು ಕ್ಷಣ ಹಾಗೆಯೇ ಇದ್ದರೆ ಕುದುರೆಯ ಗಮನ ಆ ಕಡೆಗೆ ಹೋಗುತ್ತದೆ. ಆಗ ಬಲಗೈಯ ಸೂಜಿಯನ್ನು ಚರ್ಮಕ್ಕೆ ನೇರವಾಗಿ, ಅಳುಕದೆ, ಒಂದೇ ಸಲಕ್ಕೆ ಬುಡದವರೆಗೂ ಇಳಿಸಬೇಕು. ಅರ್ಧ ಚುಚ್ಚಿ ಅನುಮಾನಿಸುವವನ ಕೈಯೇ ಹೆಚ್ಚು ನೋವುಂಟುಮಾಡುವುದು. ಕೆಲವರು ಮೊದಲು ಸೂಜಿಯೊಂದನ್ನೇ ಇಳಿಸಿ, ಕುದುರೆ ಶಾಂತವಾದ ಮೇಲೆ ಪಿಚಕಾರಿಯನ್ನು ಜೋಡಿಸುತ್ತಾರೆ. ಹೊಸಬರಿಗೆ ಇದು ಒಳ್ಳೆಯ ಕ್ರಮ. ಕುದುರೆ ಮಿಸುಕಿದರೂ ಮದ್ದು ಚೆಲ್ಲುವುದಿಲ್ಲ, ಸೂಜಿಯ ಬುಡದಲ್ಲಿ ರಕ್ತ ತೊಟ್ಟಿಕ್ಕಿದರೆ ಕಣ್ಣಿಗೆ ಬೀಳುತ್ತದೆ.

ಈಗ ಮೋತಿಯ ಪ್ರಾಣವನ್ನು ಉಳಿಸಬಹುದಾಗಿದ್ದ ಆ ಒಂದು ಕ್ಷಣ. ಪಿಚಕಾರಿಯ ದಂಡವನ್ನು ಹಿಂದಕ್ಕೆ ಎಳೆದು ನೋಡಬೇಕು. ಕೊಳವೆಯೊಳಕ್ಕೆ ರಕ್ತ ಬಂದರೆ ಮೊನೆ ನಾಳದಲ್ಲಿದೆಯೆಂದು ಅರ್ಥ. ಸೂಜಿಯನ್ನು ಪೂರ್ತಿಯಾಗಿ ತೆಗೆದು, ಹೊಸ ಸೂಜಿಯಿಂದ ಬೇರೆ ಜಾಗದಲ್ಲಿ ಮೊದಲಿನಿಂದ ಆರಂಭಿಸಬೇಕು. ರಕ್ತ ಕಾಣದಿದ್ದರೆ ನಿಧಾನವಾಗಿ ಮದ್ದನ್ನು ಇಳಿಸಬಹುದು. ಮದ್ದು ಹೆಚ್ಚಾಗಿದ್ದರೆ ನಡುವೆ ಮತ್ತೊಮ್ಮೆ ಎಳೆದು ನೋಡುವುದು ಕ್ಷೇಮ. ಕುದುರೆ ಕದಲಿದಾಗ ಮೊನೆಯೂ ಕದಲಿರಬಹುದು. ಒಂದೇ ಜಾಗದಲ್ಲಿ ಹತ್ತು ಹದಿನೈದು ಮಿಲಿಲೀಟರಿಗಿಂತ ಹೆಚ್ಚನ್ನು ತುಂಬದೆ ಹಂಚಿ ಕೊಡಬೇಕು. ಇಂದು ಎಡಗಡೆಯಾದರೆ ನಾಳೆ ಬಲಗಡೆ.

ಆರನೆಯದು ಆಮೇಲಿನ ಎಚ್ಚರ. ಸೂಜಿ ತೆಗೆದೊಡನೆ ಬೆನ್ನು ತಿರುಗಿಸಿ ಹೋಗಬಾರದು. ಅರ್ಧ ಗಂಟೆಯಾದರೂ ಕುದುರೆಯನ್ನು ನೋಡುತ್ತಿರಬೇಕು. ಮೈಯಲ್ಲಿ ದದ್ದುಗಳೆದ್ದರೆ, ಉಸಿರಾಟ ಕಷ್ಟವಾದರೆ, ಕಾಲು ತಡವರಿಸಿದರೆ ಅದು ಮದ್ದು ಒಗ್ಗದಿರುವ ಸೂಚನೆ; ವೈದ್ಯರಿಗೆ ತಕ್ಷಣ ತಿಳಿಸಬೇಕು. ಮರುದಿನ ಚುಚ್ಚಿದ ಕಡೆ ಸ್ವಲ್ಪ ಬಾವು ಬಂದರೆ ಭಯವಿಲ್ಲ. ಕೊರಳು ನೋಯುವ ಕುದುರೆ ತಲೆಯನ್ನು ನೆಲಕ್ಕೆ ಬಗ್ಗಿಸಲಾರದೆ ಮೇವು ನೀರುಗಳನ್ನು ಬಿಟ್ಟಿರಬಹುದು. ಅವನ್ನು ಎದೆಯ ಎತ್ತರಕ್ಕೆ ಇಟ್ಟುಕೊಟ್ಟರೆ ಸಾಕು. ಆದರೆ ಬಾವು ಬೇಗಬೇಗನೆ ಹರಡಿ, ಜ್ವರ ಬಂದು, ಒತ್ತಿದಾಗ ಚರ್ಮದ ಕೆಳಗೆ ಚರಚರನೆ ಗಾಳಿಯ ಸದ್ದಾದರೆ ಒಂದು ಗಂಟೆಯನ್ನೂ ಕಳೆಯಬಾರದು. ಗಾಳಿಯಿಲ್ಲದ ಕಡೆ ಬೆಳೆಯುವ ಒಂದು ಜಾತಿಯ ಸೂಕ್ಷ್ಮಜೀವಿಗಳು ಮಾಂಸವನ್ನು ಕೊಳೆಸುತ್ತಿವೆಯೆಂದು ಅದರ ಅರ್ಥ. ಅದು ಪ್ರಾಣಾಂತಿಕ.

ಮನುಷ್ಯರ ಕ್ಷೇಮವನ್ನೂ ಮರೆಯಬಾರದು. ಕುದುರೆಯನ್ನು ಮಂಪರುಗೊಳಿಸುವ ಕೆಲವು ಮದ್ದುಗಳ ಸ್ವಲ್ಪಭಾಗ ಮನುಷ್ಯನ ಮೈಗೆ ಸೇರಿದರೂ ಅಪಾಯ. ಸೂಜಿ ತನ್ನ ಕೈಗೇ ಚುಚ್ಚಿಕೊಂಡವನು ನಾಚಿಕೆಪಟ್ಟು ಮುಚ್ಚಿಡದೆ, ಮದ್ದಿನ ಸೀಸೆಯನ್ನು ಜೊತೆಯಲ್ಲಿ ತೆಗೆದುಕೊಂಡು, ತಾನು ಗಾಡಿ ನಡೆಸದೆ, ಇನ್ನೊಬ್ಬರ ಸಹಾಯದಿಂದ ಆಸ್ಪತ್ರೆಗೆ ಹೋಗಬೇಕು. ಬಳಸಿದ ಸೂಜಿಗಳನ್ನು ಹುಲ್ಲಿನಲ್ಲಿ ಬಿಸಾಡದೆ ಗಟ್ಟಿಯಾದ ಡಬ್ಬದಲ್ಲಿ ಹಾಕಿ ಆಸ್ಪತ್ರೆಗೆ ಒಪ್ಪಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಉಳಿಯುತ್ತದೆ. ಒಮ್ಮೆ ನೊಂದ ಕುದುರೆ ಆ ನೋವನ್ನು ಮರೆಯುವುದಿಲ್ಲ ಎಂಬುದು ನಿಜ. ಆದರೆ ಅದಕ್ಕೆ ಮದ್ದಿಲ್ಲವೆಂಬುದು ನಿಜವಲ್ಲ. ನನ್ನ ಸ್ನೇಹಿತರು ಇಂಥ ಕುದುರೆಗಳನ್ನು ಹೇಗೆ ಪಳಗಿಸುತ್ತಾರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲನೆಯ ದಿನ ಬರಿಗೈಯಿಂದ ಕೊರಳನ್ನು ಮುಟ್ಟಿ ಒಂದು ಹಿಡಿ ನೆನೆಸಿದ ಹುರುಳಿ. ಕೆಲವು ದಿನಗಳಾದ ಮೇಲೆ ಚರ್ಮವನ್ನು ಮಡಿಕೆ ಹಿಡಿದು ಒಂದು ಹಿಡಿ. ಆಮೇಲೆ ಸೂಜಿಯಿಲ್ಲದ ಪಿಚಕಾರಿಯನ್ನು ತೋರಿಸಿ, ಮೂಸಿಸಿ, ಕೊರಳಿಗೆ ಒತ್ತಿ, ಮತ್ತೆ ಒಂದು ಹಿಡಿ. ಕುದುರೆ ಹಿಂಜರಿದರೆ ಗದರುವುದಿಲ್ಲ. ಹಿಂದಿನ ದಿನದ ಪಾಠಕ್ಕೇ ಮರಳುತ್ತಾರೆ. ಕೆಲವು ವಾರಗಳಲ್ಲಿ ಆ ಕುದುರೆ ಪಿಚಕಾರಿಯನ್ನು ಕಂಡು ಕಿವಿಯನ್ನು ಮುಂದಕ್ಕೆ ಮಾಡಿ ಹುರುಳಿಯನ್ನು ಹುಡುಕುತ್ತದೆ. ಅದನ್ನು ನೋಡಿದ ದಿನ ನನಗೆ ಮಾತು ಹೊರಡಲಿಲ್ಲ. ಒಂದು ಸೇರು ಹುರುಳಿಯೂ ಒಂದು ತಿಂಗಳ ತಾಳ್ಮೆಯೂ ಇದ್ದಿದ್ದರೆ ಮೋತಿಯನ್ನು ಸಾಬರು ನಿರ್ಭಯವಾಗಿ ಆಸ್ಪತ್ರೆಗೆ ಕರೆದೊಯ್ಯಬಹುದಾಗಿತ್ತು.

ಸಾಕುಪ್ರಾಣಿಗಳಲ್ಲೆಲ್ಲ ಧನುರ್ವಾಯುವಿಗೆ ಅತ್ಯಂತ ಸುಲಭವಾಗಿ ತುತ್ತಾಗುವುದು ಕುದುರೆ. ಅದಕ್ಕೆ ಮುಂಜಾಗ್ರತೆಯ ಲಸಿಕೆಯಿದೆ. ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಎರಡು ಸಲ, ಅನಂತರ ವರ್ಷಕ್ಕೊಮ್ಮೆ. ಇಷ್ಟರಿಂದಲೇ ಆ ಭಯ ದೂರವಾಗುತ್ತದೆ. ಶಾಲಿಹೋತ್ರನ ಹೆಸರಿನಲ್ಲಿ ಕುದುರೆಯ ಶಾಸ್ತ್ರವನ್ನೇ ಬರೆದಿಟ್ಟ ನಾಡು ನಮ್ಮದು. ಕನ್ನಡದಲ್ಲಿಯೇ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಗ್ರಂಥವನ್ನು ರಚಿಸಿದ್ದಾನೆ. ಅಂಥ ನಾಡಿನಲ್ಲಿ ಒಂದು ಲಸಿಕೆಯಿಲ್ಲದೆ ಕುದುರೆಗಳು ದವಡೆ ಬಿಗಿದು ಸಾಯಬಾರದು.

ಶ್ರೋತೃಗಳೆ, ನಿಮ್ಮ ಮನೆಯಲ್ಲಿ ಕುದುರೆಯಿಲ್ಲದಿರಬಹುದು. ಆದರೆ ಅರಮನೆಯ ಸುತ್ತ ಟಾಂಗಾದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗಲೋ, ಸವಾರಿಯ ಶಾಲೆಗೆ ಅವರನ್ನು ಸೇರಿಸುವಾಗಲೋ, ಆ ಕುದುರೆಯ ಯಜಮಾನನನ್ನು ಒಂದು ಮಾತು ಕೇಳಿ: ಇದಕ್ಕೆ ಈ ವರ್ಷದ ಸೂಜಿಯಾಯಿತೆ? ಹಾಕಿದವರು ಯಾರು? ಕೇಳುವವರಿದ್ದಾರೆಂದು ತಿಳಿದರೆ ಮಾಡುವವರೂ ಎಚ್ಚರವಾಗಿ ಮಾಡುತ್ತಾರೆ. ನಾನು ಹುಡುಗನಾಗಿದ್ದಾಗ ಕೇಳದೆಹೋದ ಪ್ರಶ್ನೆ ಅದೇ.